ಜಠರ ಮತ್ತು ಕರುಳಿನ ಬ್ಯಾಕ್ಟೀರಿಯಾ ಸೋಂಕುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಯಾರಿಗಾದರೂ ವಾಂತಿಭೇದಿ ಶುರುವಾದರೆ ಮೊದಲು ಕೇಳಿಬರುವ ಪ್ರಶ್ನೆ ‘ಯಾವ ಮಾತ್ರೆ ಕೊಡಬೇಕು?’ ಎಂಬುದು. ರೋಗಿಯ ದೇಹದಿಂದ ಎಷ್ಟು ನೀರು ಹೋಗಿದೆ, ಅದನ್ನು ತುಂಬಿಸುವ ಕೆಲಸ ಶುರುವಾಗಿದೆಯೇ ಎಂದು ಕೇಳುವವರು ಕಡಿಮೆ. ಕರುಳಿನ ಸೋಂಕುಗಳಲ್ಲಿ ಆಂಟಿಬಯಾಟಿಕ್ ಖಂಡಿತ ಬೇಕಾದವು ಕೆಲವು ಮಾತ್ರ. ನೀರು ಮತ್ತು ಲವಣ ಎಲ್ಲದಕ್ಕೂ ಬೇಕು. ಕೆಳಗಿನ ಉತ್ತರಗಳು ಈ ವ್ಯತ್ಯಾಸವನ್ನು ಬಿಡಿಸಿ ಹೇಳುವ ಉದ್ದೇಶದಿಂದ ಬರೆದವು. ಇವು ವೈದ್ಯರ ತಪಾಸಣೆಗೆ ಬದಲಿಯಲ್ಲ.

ಬ್ಯಾಕ್ಟೀರಿಯಾಗಳು ಹೊಟ್ಟೆಯನ್ನು ಹೇಗೆ ಕೆಡಿಸುತ್ತವೆ?

ನಮ್ಮ ದೊಡ್ಡ ಕರುಳಿನಲ್ಲಿ ಲಕ್ಷಾಂತರ ಕೋಟಿ ಬ್ಯಾಕ್ಟೀರಿಯಾಗಳು ಯಾವಾಗಲೂ ಇರುತ್ತವೆ. ಬಹುತೇಕ ಅವು ನಿರುಪದ್ರವಿಗಳು, ಹಲವು ಉಪಕಾರಿಗಳು. ಹೊರಗಿನಿಂದ ಬರುವ ರೋಗಕಾರಕಗಳ ಪೈಕಿ ಹೆಚ್ಚಿನವು ಜಠರದ ಆಮ್ಲದಲ್ಲೇ ಸಾಯುತ್ತವೆ. ತಪ್ಪಿಸಿಕೊಂಡವು ಬೇರೆ ಬೇರೆ ರೀತಿಯಲ್ಲಿ ಕಾಯಿಲೆ ತರುತ್ತವೆ. ಸ್ಟ್ಯಾಫಿಲೋಕಾಕಸ್ ಮತ್ತು ಬ್ಯಾಸಿಲಸ್ ಸೀರಿಯಸ್ ಬ್ಯಾಕ್ಟೀರಿಯಾಗಳು ಆಹಾರದಲ್ಲಿ ಮೊದಲೇ ವಿಷ ತಯಾರಿಸಿ ಇಟ್ಟಿರುತ್ತವೆ. ಕಾಲರಾದ ವಿಬ್ರಿಯೋ ಮತ್ತು ಇ. ಕೋಲಿಯ ಕೆಲವು ತಳಿಗಳು ಸಣ್ಣ ಕರುಳಿಗೆ ಅಂಟಿಕೊಂಡು ಅಲ್ಲಿ ವಿಷ ಬಿಡುತ್ತವೆ. ಆಗ ಕರುಳಿನ ಗೋಡೆಗೆ ಗಾಯವಾಗದೆಯೇ ನೀರು ಧಾರಾಕಾರವಾಗಿ ಹೊರಹೋಗುತ್ತದೆ. ಶಿಗೆಲ್ಲ, ಕ್ಯಾಂಪಿಲೋಬ್ಯಾಕ್ಟರ್ ಮತ್ತು ಸಾಲ್ಮೊನೆಲ್ಲಗಳು ಗೋಡೆಯೊಳಕ್ಕೇ ನುಗ್ಗುವುದರಿಂದ ಜ್ವರ, ಕರುಳು ಹಿಂಡಿದಂಥ ನೋವು, ಲೋಳೆ ಮತ್ತು ರಕ್ತ ಕಾಣಿಸಿಕೊಳ್ಳುತ್ತವೆ. ಟೈಫಾಯ್ಡ್ ಬ್ಯಾಕ್ಟೀರಿಯಾಗೆ ಕರುಳು ಒಳಹೋಗುವ ದಾರಿ ಮಾತ್ರ. ಅದು ರಕ್ತಕ್ಕೆ ಸೇರಿ ಇಡೀ ದೇಹವನ್ನು ಕಾಡುತ್ತದೆ.

ಆಮ್ಲದ ಈ ತಡೆಗೋಡೆಯ ವಿಷಯದಲ್ಲಿ ಒಂದು ಮಾತು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ವರ್ಷಗಟ್ಟಲೆ ನುಂಗುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅಂಥವರಿಗೆ ಕರುಳಿನ ಸೋಂಕು ತಗಲುವ ಸಾಧ್ಯತೆ ಹೆಚ್ಚು.

ಭೇದಿ ಆದಾಗಲೆಲ್ಲ ಬ್ಯಾಕ್ಟೀರಿಯಾವೇ ಕಾರಣವೇ?

ಅಲ್ಲ. ಚಿಕ್ಕ ಮಕ್ಕಳ ನೀರುಭೇದಿಗೆ ಬಹಳಷ್ಟು ಸಲ ರೋಟಾದಂಥ ವೈರಸ್‌ಗಳು ಕಾರಣ. ಅಮೀಬಾ, ಜಿಯಾರ್ಡಿಯಾದಂಥ ಪರಾವಲಂಬಿಗಳಿಂದಲೂ ಭೇದಿ ಬರುತ್ತದೆ. ಲಕ್ಷಣ ನೋಡಿ ಕಾರಣವನ್ನು ಖಚಿತವಾಗಿ ಹೇಳುವುದು ಅನುಭವಿ ವೈದ್ಯರಿಗೂ ಕಷ್ಟ. ಆದರೂ ಜ್ವರದೊಂದಿಗೆ ರಕ್ತ ಬಂದರೆ ಬ್ಯಾಕ್ಟೀರಿಯಾದ ಅನುಮಾನ ಬಲವಾಗುತ್ತದೆ.

ಊಟವಾದ ಎಷ್ಟು ಹೊತ್ತಿಗೆ ಕಾಯಿಲೆ ಶುರುವಾಯಿತು ಎಂದು ವೈದ್ಯರು ಕೇಳುವುದೇಕೆ?

ಅದು ಒಳ್ಳೆಯ ಸುಳಿವು. ಉಂಡ ಒಂದರಿಂದ ಆರು ಗಂಟೆಯೊಳಗೆ ಜೋರು ವಾಂತಿಯಾದರೆ ಆಹಾರದಲ್ಲಿ ವಿಷ ಮೊದಲೇ ಇತ್ತೆಂದು ಊಹಿಸಬಹುದು. ಆರರಿಂದ ಇಪ್ಪತ್ತನಾಲ್ಕು ಗಂಟೆಯೊಳಗೆ, ಜ್ವರವಿಲ್ಲದೆ, ಹೊಟ್ಟೆನೋವು ಮತ್ತು ಭೇದಿ ಬಂದರೆ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾ ನೆನಪಿಗೆ ಬರುತ್ತದೆ. ಸಾಮಾನ್ಯ ಸಾಲ್ಮೊನೆಲ್ಲಕ್ಕೆ (ಅಂದರೆ ಟೈಫಾಯ್ಡ್ ತರದ ಬಗೆಗೆ) ಕೆಲವು ಗಂಟೆಗಳಿಂದ ಕೆಲವು ದಿನಗಳು ಹಿಡಿದರೆ, ಕ್ಯಾಂಪಿಲೋಬ್ಯಾಕ್ಟರ್‌ಗೆ ಎರಡರಿಂದ ಐದು ದಿನ ಬೇಕಾಗುತ್ತದೆ. ಟೈಫಾಯ್ಡ್ ಒಂದರಿಂದ ಮೂರು ವಾರಗಳಷ್ಟು ಅಡಗಿರುತ್ತದೆ. ಹಾಗಾಗಿ ನಿನ್ನೆ ತಿಂದ ಪಾನಿಪೂರಿಯಿಂದ ಇಂದು ಟೈಫಾಯ್ಡ್ ಬಂತು ಎನ್ನುವುದು ಸರಿಹೊಂದುವುದಿಲ್ಲ. ಒಟ್ಟಿಗೆ ಉಂಡ ಬೇರೆಯವರಿಗೂ ಹೀಗಾಗಿದೆಯೇ ಎಂದು ವಿಚಾರಿಸಿಕೊಂಡು ಹೋದರೆ ವೈದ್ಯರಿಗೆ ಅನುಕೂಲ.

ರಾತ್ರಿ ಉಳಿದ ಅನ್ನವನ್ನೋ ಸಮಾರಂಭದ ಸಾಂಬಾರನ್ನೋ ಚೆನ್ನಾಗಿ ಬಿಸಿ ಮಾಡಿದರೆ ಸಾಲದೇ?

ಕೆಲವೊಮ್ಮೆ ಸಾಲದು. ಬ್ಯಾಸಿಲಸ್ ಸೀರಿಯಸ್‌ನ ಬೀಜಕಣಗಳು ಅಕ್ಕಿಯಲ್ಲಿ ಸಹಜವಾಗಿಯೇ ಇದ್ದು, ಅನ್ನ ಬೇಯುವಾಗಲೂ ಉಳಿದುಕೊಳ್ಳುತ್ತವೆ. ಅನ್ನವನ್ನು ಮುಚ್ಚಿ ಹೊರಗೇ ಇಟ್ಟಾಗ, ಬೆಚ್ಚಗಿನ ತೇವದಲ್ಲಿ ಅವು ಮೊಳೆತು, ವಾಂತಿ ತರಿಸುವ ವಿಷವನ್ನು ತಯಾರಿಸುತ್ತವೆ. ಆ ವಿಷ 121 ಡಿಗ್ರಿ ಸೆಲ್ಸಿಯಸ್ ಶಾಖದಲ್ಲೂ ನಾಶವಾಗದಷ್ಟು ಗಟ್ಟಿ. ಬೆಳಗಿನ ಚಿತ್ರಾನ್ನದ ಒಗ್ಗರಣೆಯಿಂದ ಅದಕ್ಕೇನೂ ಆಗುವುದಿಲ್ಲ. ಅಡುಗೆಯವರ ಕೈಯ ಗಾಯದಿಂದಲೋ ಮೂಗಿನಿಂದಲೋ ಆಹಾರಕ್ಕೆ ಸೇರುವ ಸ್ಟ್ಯಾಫಿಲೋಕಾಕಸ್‌ನ ವಿಷವೂ ಕುದಿಸಿದರೆ ಹೋಗದು.

ದೊಡ್ಡ ಕೊಳಗದ ಅಡುಗೆಯ ತೊಂದರೆ ಬೇರೆ. ಮಧ್ಯಾಹ್ನದ ಮದುವೆ ಊಟಕ್ಕೆ ಬೆಳಗಿನ ಜಾವವೇ ಮಾಡಿಟ್ಟ ಸಾಂಬಾರು ಅಥವಾ ಮಾಂಸದ ಸಾರು ನಡುಭಾಗದಲ್ಲಿ ತುಂಬ ನಿಧಾನವಾಗಿ ಆರುತ್ತದೆ. ಗಾಳಿಯಾಡದ ಆ ಉಗುರುಬೆಚ್ಚಗಿನ ನಡುವೆಯೇ ಪರ್ಫ್ರಿಂಜೆನ್ಸ್ ವೇಗವಾಗಿ ಬೆಳೆಯುತ್ತದೆ. ಐದರಿಂದ ಅರವತ್ತು ಡಿಗ್ರಿಯ ನಡುವಿನ ಶಾಖದಲ್ಲಿ ಬೇಯಿಸಿದ ಆಹಾರ ಎರಡು ಗಂಟೆಗಿಂತ ಹೆಚ್ಚು ಹೊತ್ತು ಇರಬಾರದು. ಬಡಿಸುವವರೆಗೆ ಹೊಗೆಯಾಡುವಷ್ಟು ಬಿಸಿಯಾಗಿಡಬೇಕು, ಇಲ್ಲವೇ ಅಗಲ ತಟ್ಟೆಗಳಿಗೆ ಹರಡಿ ಬೇಗ ಆರಿಸಿ ಫ್ರಿಜ್‌ಗೆ ಸೇರಿಸಬೇಕು. ಹಾಸ್ಟೆಲ್, ಕಲ್ಯಾಣ ಮಂಟಪ, ದಾಸೋಹದ ಅಡುಗೆಮನೆಗಳಲ್ಲಿ ಈ ಒಂದು ನಿಯಮ ಪಾಲನೆಯಾದರೆ ಸಾಮೂಹಿಕವಾಗಿ ಅಸ್ವಸ್ಥರಾಗುವ ಪ್ರಕರಣಗಳು ಬಹಳ ಮಟ್ಟಿಗೆ ತಗ್ಗುತ್ತವೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಕುಡಿದ ನೀರೆಲ್ಲ ಹೊರಹೋಗುತ್ತಿರುವಾಗ ಓಆರ್‌ಎಸ್ (ಗ್ಲೂಕೋಸ್ ಮತ್ತು ಲವಣ ಬೆರೆಸಿದ ನೀರು) ಕುಡಿಸಿ ಏನು ಪ್ರಯೋಜನ?

ಇದು ಸಹಜವಾದ ಪ್ರಶ್ನೆ. ಇದಕ್ಕೆ ಉತ್ತರ ಸಿಕ್ಕ ಕಥೆಯಲ್ಲಿ ಕೋಲ್ಕತ್ತದ ಪಾತ್ರ ದೊಡ್ಡದು. 1959ರಲ್ಲಿ ಅಲ್ಲಿನ ವಿಜ್ಞಾನಿ ಶಂಭುನಾಥ ಡೇ ಅವರು ಮೊಲದ ಕರುಳಿನ ಮೇಲೆ ಪ್ರಯೋಗ ಮಾಡಿ, ಕಾಲರಾ ಬ್ಯಾಕ್ಟೀರಿಯಾವನ್ನು ಸೋಸಿ ತೆಗೆದ ದ್ರವವೂ ಕರುಳಿನಲ್ಲಿ ನೀರು ತುಂಬಿಸುತ್ತದೆ ಎಂದು ತೋರಿಸಿದರು. ಬ್ಯಾಕ್ಟೀರಿಯಾ ಬಿಡುವ ವಿಷವೇ ಭೇದಿಗೆ ಕಾರಣ ಎಂಬುದು ಇದರಿಂದ ಸ್ಪಷ್ಟವಾಯಿತು. ಈ ವಿಷ ಕರುಳಿನ ಜೀವಕೋಶಗಳಿಂದ ಕ್ಲೋರೈಡ್ ಹೊರಚೆಲ್ಲುವಂತೆ ಮಾಡುತ್ತದೆ. ಅದರ ಬೆನ್ನಿಗೆ ಸೋಡಿಯಂ ಮತ್ತು ನೀರು ಹೋಗುತ್ತವೆ. ಆದರೆ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಜೊತೆಯಾಗಿ ಕರುಳಿನಿಂದ ಒಳಬರುವ ಇನ್ನೊಂದು ಬಾಗಿಲಿದೆ. ವಿಷ ಅದನ್ನು ಮುಚ್ಚುವುದಿಲ್ಲ. ಎರಡೂ ಸರಿಯಾದ ಪ್ರಮಾಣದಲ್ಲಿ ಬಂದರೆ ಆ ಬಾಗಿಲು ತೆರೆಯುತ್ತದೆ, ಅವುಗಳ ಹಿಂದೆ ನೀರೂ ದೇಹದೊಳಕ್ಕೆ ಬರುತ್ತದೆ. ಬರೀ ನೀರು ಕುಡಿಸಿದರೆ ಅಥವಾ ಸಕ್ಕರೆ ವಿಪರೀತ ಹಾಕಿದರೆ ಈ ಕೆಲಸ ನಡೆಯುವುದಿಲ್ಲ.

1971ರಲ್ಲಿ ಬಾಂಗ್ಲಾ ವಿಮೋಚನಾ ಯುದ್ಧದ ಹೊತ್ತಿಗೆ ಪಶ್ಚಿಮ ಬಂಗಾಳದ ಬನಗಾಂವ್‌ಗೆ ನಿರಾಶ್ರಿತರು ಹರಿದುಬಂದಾಗ ಕಾಲರಾ ಹಬ್ಬಿತು, ಸಲೈನ್ ಬಾಟಲಿಗಳು ಸಾಲದಾದವು. ಅಲ್ಲಿದ್ದ ವೈದ್ಯ ದಿಲೀಪ್ ಮಹಾಲನೋಬಿಸ್ ಅವರು ಗ್ಲೂಕೋಸ್ ಮತ್ತು ಲವಣಗಳನ್ನು ನೀರಿಗೆ ಬೆರೆಸಿ, ನಲ್ಲಿಯಿರುವ ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶೇ. 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಅವರ ಶಿಬಿರದಲ್ಲಿ ಶೇ. 4ಕ್ಕಿಂತ ಕೆಳಗಿಳಿಯಿತು. ತರಬೇತಿಯಿಲ್ಲದ ತಾಯಂದಿರೂ ಅಣ್ಣತಮ್ಮಂದಿರೂ ಜೀವ ಉಳಿಸಬಲ್ಲರು ಎಂಬುದನ್ನು ಜಗತ್ತಿಗೆ ತೋರಿಸಿದ ಈ ವೈದ್ಯರಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ಅವರು ತೀರಿಕೊಂಡ ಮೇಲೆ.

ಓಆರ್‌ಎಸ್ ಹೇಗೆ ಕಲಸಬೇಕು, ಎಷ್ಟು ಕೊಡಬೇಕು?

ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಇಡೀ ಪುಡಿಯನ್ನು ಒಮ್ಮೆಲೇ ಹಾಕಿ. ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್, ಚಿಕ್ಕದಕ್ಕೆ 200 ಮಿಲಿಲೀಟರ್ ಇರುವುದು ಸಾಮಾನ್ಯ. ಲೋಟಕ್ಕೆ ಒಂದೊಂದು ಚಮಚ ಹಾಕಿಕೊಳ್ಳುವ ಅಭ್ಯಾಸ ತಪ್ಪು. ಗಾಢವಾದರೆ ಭೇದಿ ಹೆಚ್ಚುತ್ತದೆ, ತೆಳುವಾದರೆ ಲವಣ ಸಾಲದು. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಿ, ಉಳಿದರೆ ಚೆಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದಂತೆ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 2.9 ಗ್ರಾಂ ಸಿಟ್ರೇಟ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಇರಬೇಕು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪು ಹಾಕಿಕೊಳ್ಳಬಹುದು.

ಪ್ರತಿ ಸಲ ಭೇದಿಯಾದ ಮೇಲೆ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿಲೀಟರ್, ದೊಡ್ಡವರಿಗೆ ಕುಡಿದಷ್ಟು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಚಮಚದಿಂದ ನಿಧಾನವಾಗಿ ಮತ್ತೆ ಶುರು ಮಾಡಿ. ಎದೆಹಾಲನ್ನು ನಿಲ್ಲಿಸಲೇಬಾರದು, ಊಟವನ್ನೂ ಬಿಡಿಸಬಾರದು. ಮಕ್ಕಳಿಗೆ ಇದರ ಜೊತೆಗೆ ಸತುವಿನ, ಅಂದರೆ ಜಿಂಕ್ ಮಾತ್ರೆಯನ್ನು 14 ದಿನ ಕೊಡುವ ಪದ್ಧತಿ ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿದೆ. ಆಶಾ ಕಾರ್ಯಕರ್ತೆಯರಲ್ಲಿ ಎರಡೂ ಸಿಗುತ್ತವೆ. ಭೇದಿ ನಿಂತ ಮೇಲೂ ಜಿಂಕ್ ಮುಗಿಸಬೇಕು.

ಎಳನೀರು, ಮಜ್ಜಿಗೆ, ಗಂಜಿ ಆಗದೇ? ಅಂಗಡಿಯ ಪಾನೀಯಗಳು?

ಸೌಮ್ಯವಾದ ಭೇದಿಯಲ್ಲಿ ಉಪ್ಪು ಹಾಕಿದ ಗಂಜಿ, ನೀರು ಮಜ್ಜಿಗೆ, ಬೇಳೆಕಟ್ಟು ಒಳ್ಳೆಯವೇ. ಎಳನೀರಿನಲ್ಲಿ ಪೊಟ್ಯಾಸಿಯಂ ಚೆನ್ನಾಗಿದ್ದರೂ ಸೋಡಿಯಂ ಕಡಿಮೆಯಿರುವುದರಿಂದ ತೀವ್ರ ಭೇದಿಯಲ್ಲಿ ಅದನ್ನೇ ನೆಚ್ಚಿಕೊಳ್ಳುವಂತಿಲ್ಲ. ತಂಪು ಪಾನೀಯ, ಹಣ್ಣಿನ ರಸದ ಪೊಟ್ಟಣಗಳಲ್ಲಿ ಸಕ್ಕರೆ ವಿಪರೀತ. ಇಂಥ ಪಾನೀಯಗಳ ಹೆಸರಿನಲ್ಲಿ ‘ಓಆರ್‌ಎಸ್’ ಎಂಬ ಪದ ಬಳಸುವುದನ್ನು ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ನಿಷೇಧಿಸಿತು. ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿದೆಯೇ ಎಂದು ನೋಡಿಕೊಳ್ಳಿ.

ಯಾವ ಲಕ್ಷಣ ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಬೇಕು?

ಮಗು ಮಂಕಾಗಿದ್ದರೆ, ಕಣ್ಣು ಗುಳಿಬಿದ್ದಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಹೊಟ್ಟೆಯ ಚರ್ಮವನ್ನು ಹಿಡಿದೆತ್ತಿ ಬಿಟ್ಟಾಗ ಅದು ನಿಧಾನವಾಗಿ ಕೆಳಗಿಳಿದರೆ, ಆರೆಂಟು ಗಂಟೆ ಮೂತ್ರವಾಗದಿದ್ದರೆ ನಿರ್ಜಲೀಕರಣ ಮುಂದುವರಿದಿದೆ ಎಂದು ತಿಳಿಯಬೇಕು. ಕುಡಿದದ್ದೆಲ್ಲ ವಾಂತಿಯಾಗುವುದು, ಮಲದಲ್ಲಿ ರಕ್ತ, ಟಾರಿನಂಥ ಕಪ್ಪು ಮಲ, ಜೋರು ಜ್ವರ, ಹೊಟ್ಟೆ ಹಲಗೆಯಂತೆ ಬಿಗಿಯಾಗುವುದು ಇವೂ ತುರ್ತು ಲಕ್ಷಣಗಳೇ. ಅಕ್ಕಿ ತೊಳೆದ ನೀರಿನಂಥ ಭೇದಿ ಕೆಲವೇ ಗಂಟೆಗಳಲ್ಲಿ ದೊಡ್ಡವರನ್ನೂ ಕೊಲ್ಲಬಲ್ಲದು. ಅಂಥವರನ್ನು ಓಆರ್‌ಎಸ್ ಕುಡಿಸುತ್ತಲೇ 108 ಆಂಬುಲೆನ್ಸ್‌ನಲ್ಲಿ ಸಾಗಿಸಿ. ಗರ್ಭಿಣಿಯರು, ಆರು ತಿಂಗಳೊಳಗಿನ ಶಿಶುಗಳು, ವೃದ್ಧರು, ಮೂತ್ರಪಿಂಡದ ಕಾಯಿಲೆ ಇರುವವರು ಸಣ್ಣ ಭೇದಿಗೂ ವೈದ್ಯರನ್ನು ಕಾಣುವುದು ಒಳ್ಳೆಯದು.

ಮೆಡಿಕಲ್ ಶಾಪ್‌ನಿಂದ ಎರಡು ಆಂಟಿಬಯಾಟಿಕ್ ಮಾತ್ರೆ ತಂದು ನುಂಗಿದರೆ ತಪ್ಪೇನು?

ಆಫ್ಲಾಕ್ಸಾಸಿನ್ ಮತ್ತು ಆರ್ನಿಡಜೋಲ್ ಕೂಡಿಸಿದ ಮಾತ್ರೆಯನ್ನು ‘ಲೂಸ್ ಮೋಷನ್ ಮಾತ್ರೆ’ ಎಂದೇ ಕೇಳಿ ಪಡೆಯುವುದು ನಮ್ಮ ಊರುಗಳಲ್ಲಿ ಸಾಮಾನ್ಯವಾಗಿದೆ. ವೈರಸ್‌ನಿಂದ ಬಂದ ಭೇದಿಗೆ ಇದು ನಾಟುವುದೇ ಇಲ್ಲ. ಆಹಾರದ ವಿಷದಿಂದ ಬಂದದ್ದು ಒಂದೆರಡು ದಿನಗಳಲ್ಲಿ ತಾನಾಗಿಯೇ ನಿಲ್ಲುತ್ತದೆ, ಹೆಸರು ಮಾತ್ರೆಗೆ ಬರುತ್ತದೆ. ಸಾಮಾನ್ಯ ಸಾಲ್ಮೊನೆಲ್ಲ ಭೇದಿಯಲ್ಲಿ ಆಂಟಿಬಯಾಟಿಕ್ ಕೊಟ್ಟರೆ ಆರೋಗ್ಯವಂತರಿಗೆ ಬೇಗ ಗುಣವಾಗುವುದಿಲ್ಲ. ಮಲದಲ್ಲಿ ಬ್ಯಾಕ್ಟೀರಿಯಾ ಇನ್ನೂ ಹೆಚ್ಚು ಕಾಲ ಉಳಿಯಬಹುದು. ಶಿಗಾ ವಿಷ ಬಿಡುವ ಇ. ಕೋಲಿ ತಳಿಯ ಸೋಂಕಿನಲ್ಲಂತೂ, ಆಂಟಿಬಯಾಟಿಕ್‌ನಿಂದ ಮೂತ್ರಪಿಂಡಕ್ಕೆ ಹಾನಿಯಾಗುವ ಅಪಾಯ ಹೆಚ್ಚಬಹುದೆಂಬ ಕಾರಣಕ್ಕೆ ವೈದ್ಯರು ಅದನ್ನು ಬಳಸುವುದಿಲ್ಲ. ಅನಗತ್ಯ ಆಂಟಿಬಯಾಟಿಕ್ ಕರುಳಿನ ಉಪಕಾರಿ ಬ್ಯಾಕ್ಟೀರಿಯಾಗಳನ್ನು ಕೊಂದಾಗ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ ಬೆಳೆದು, ಮೊದಲಿಗಿಂತ ಕೆಟ್ಟ ಭೇದಿ ತರುವುದುಂಟು.

ಶಿಗೆಲ್ಲದ ರಕ್ತಭೇದಿ, ತೀವ್ರ ಕಾಲರಾ, ಟೈಫಾಯ್ಡ್, ರೋಗನಿರೋಧಕ ಶಕ್ತಿ ಕುಗ್ಗಿದವರ ಸೋಂಕು ಇವುಗಳಿಗೆ ಆಂಟಿಬಯಾಟಿಕ್ ಬೇಕೇ ಬೇಕು. ಅಲ್ಲಿ ಬೇಕಾದಾಗ ಅದು ಕೆಲಸ ಮಾಡಬೇಕಾದರೆ ಉಳಿದ ಕಡೆ ಕೈತಡೆಯಬೇಕು. ಮಾತ್ರೆಯ ಹಾಳೆಯ ಮೇಲೆ ಉದ್ದಕ್ಕೆ ಕೆಂಪು ಗೆರೆಯಿದ್ದರೆ ವೈದ್ಯರ ಚೀಟಿಯಿಲ್ಲದೆ ತೆಗೆದುಕೊಳ್ಳಬಾರದೆಂದು ಅರ್ಥ. ಭೇದಿಯನ್ನು ಥಟ್ಟನೆ ನಿಲ್ಲಿಸುವ ಲೋಪೆರಮೈಡ್ ಮಾತ್ರೆಯನ್ನು ಚಿಕ್ಕ ಮಕ್ಕಳಿಗೂ, ಜ್ವರ ಅಥವಾ ರಕ್ತ ಇರುವವರಿಗೂ ಕೊಡಬಾರದು.

ವೈಡಾಲ್ ಪರೀಕ್ಷೆಯಲ್ಲಿ ‘ಪಾಸಿಟಿವ್’ ಬಂದರೆ ಟೈಫಾಯ್ಡ್ ಎಂದೇ ಅರ್ಥವೇ?

ಇಲ್ಲ, ಈ ತಪ್ಪು ತಿಳಿವಳಿಕೆ ತುಂಬ ಆಳವಾಗಿ ಬೇರೂರಿದೆ. ವೈಡಾಲ್ ಪರೀಕ್ಷೆ ಬ್ಯಾಕ್ಟೀರಿಯಾವನ್ನು ಹುಡುಕುವುದಿಲ್ಲ, ರಕ್ತದಲ್ಲಿರುವ ಪ್ರತಿಕಾಯಗಳನ್ನು ಅಳೆಯುತ್ತದೆ. ಹಿಂದೆಂದೋ ಬಂದ ಸೋಂಕು, ಲಸಿಕೆ, ಬೇರೆ ಜ್ವರಗಳಿಂದಲೂ ಅವು ಕಾಣಿಸಿಕೊಳ್ಳಬಹುದು. ನಿಜವಾದ ಟೈಫಾಯ್ಡ್‌ನ ಮೊದಲ ವಾರದಲ್ಲಿ ಕಾಣಿಸದೆಯೂ ಇರಬಹುದು. ಜ್ವರ ಬಂದ ಎರಡನೇ ದಿನ ಮಾಡಿಸಿದ ಒಂದೇ ವೈಡಾಲ್ ವರದಿಯ ಮೇಲೆ ಚಿಕಿತ್ಸೆ ಶುರು ಮಾಡುವುದರಿಂದ ಡೆಂಗಿಯಂಥ ಬೇರೆ ಕಾಯಿಲೆ ಕಣ್ಣಿಗೆ ಬೀಳದೇ ಹೋಗುವ ಅಪಾಯವಿದೆ. ವಿಶ್ವಾಸಾರ್ಹ ಪರೀಕ್ಷೆ ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡುವುದು. ಆಂಟಿಬಯಾಟಿಕ್ ಶುರುವಾಗುವ ಮುಂಚೆ ರಕ್ತ ತೆಗೆದರೆ ಅದರ ಫಲಿತಾಂಶ ಚೆನ್ನಾಗಿರುತ್ತದೆ, ಯಾವ ಔಷಧ ನಾಟುತ್ತದೆ ಎಂಬುದೂ ತಿಳಿಯುತ್ತದೆ. ನಮ್ಮ ದೇಶದ ಟೈಫಾಯ್ಡ್ ತಳಿಗಳು ಸಿಪ್ರೋಫ್ಲಾಕ್ಸಾಸಿನ್ ಗುಂಪಿನ ಔಷಧಗಳಿಗೆ ಬಹುಮಟ್ಟಿಗೆ ಬಗ್ಗುವುದಿಲ್ಲವಾದ್ದರಿಂದ ಈ ಮಾಹಿತಿ ಬೆಲೆಯುಳ್ಳದ್ದು.

ಟೈಫಾಯ್ಡ್‌ಗೆ ಔಷಧ ಶುರುವಾಗಿ ಮೂರು ದಿನವಾದರೂ ಜ್ವರ ಬಿಟ್ಟಿಲ್ಲ. ವೈದ್ಯರನ್ನು ಬದಲಿಸಬೇಕೇ?

ಸರಿಯಾದ ಔಷಧ ಕೊಟ್ಟಾಗಲೂ ಜ್ವರ ಇಳಿಯಲು ನಾಲ್ಕೈದು ದಿನ, ಕೆಲವರಿಗೆ ಒಂದು ವಾರ ಹಿಡಿಯುತ್ತದೆ. ನಡುವೆ ಗಾಬರಿಯಾಗಿ ಬೇರೆ ಆಸ್ಪತ್ರೆಗೆ ಹೋಗಿ ಬೇರೆ ಔಷಧ ಶುರು ಮಾಡಿಸಿದರೆ ಯಾವುದೂ ಪೂರ್ತಿಯಾಗುವುದಿಲ್ಲ. ಜ್ವರ ಬಿಟ್ಟಿತೆಂದು ಮಾತ್ರೆ ನಿಲ್ಲಿಸಿದರೂ ಕಾಯಿಲೆ ಮರುಕಳಿಸಬಹುದು. ಆದರೆ ಎರಡು, ಮೂರನೇ ವಾರದಲ್ಲಿ ಕರುಳಿನಲ್ಲಿ ರಕ್ತಸ್ರಾವ ಅಥವಾ ತೂತು ಆಗುವುದುಂಟು. ಹಠಾತ್ತನೆ ಹೊಟ್ಟೆನೋವು ಹೆಚ್ಚಿದರೆ ಅದೇ ಕ್ಷಣ ಹೊರಡಬೇಕು. ಪಥ್ಯದ ಹೆಸರಿನಲ್ಲಿ ಬರೀ ಗಂಜಿತಿಳಿಯಲ್ಲಿ ವಾರಗಟ್ಟಲೆ ಇಡುವ ಅಗತ್ಯವಿಲ್ಲ. ಮೆತ್ತಗಿನ ಅನ್ನ, ಬೇಳೆ, ಇಡ್ಲಿ, ಮೊಟ್ಟೆ, ಬಾಳೆಹಣ್ಣು ಕೊಟ್ಟರೆ ರೋಗಿ ಬೇಗ ಚೇತರಿಸಿಕೊಳ್ಳುತ್ತಾನೆ.

ಖಾರ ತಿಂದು ಅಲ್ಸರ್ ಆಯಿತು ಎನ್ನುತ್ತಾರೆ. ಅದರಲ್ಲಿ ಬ್ಯಾಕ್ಟೀರಿಯಾದ ಪಾತ್ರವೇನು?

ಜಠರ ಮತ್ತು ಸಣ್ಣ ಕರುಳಿನ ಆರಂಭದ ಹುಣ್ಣುಗಳಿಗೆ ಎರಡು ಮುಖ್ಯ ಕಾರಣಗಳು: ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಮತ್ತು ನೋವಿನ ಮಾತ್ರೆಗಳು. ಖಾರ, ಚಿಂತೆ ಉರಿಯನ್ನು ಹೆಚ್ಚಿಸಬಹುದು, ಹುಣ್ಣಿನ ಮೂಲ ಅವಲ್ಲ. ಆಮ್ಲದಲ್ಲಿ ಬ್ಯಾಕ್ಟೀರಿಯಾ ಬದುಕಲಾರದು ಎಂದೇ ವೈದ್ಯಲೋಕ ನಂಬಿತ್ತು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಅವರು 1982ರಲ್ಲಿ ಇದನ್ನು ಪ್ರಯೋಗಾಲಯದಲ್ಲಿ ಬೆಳೆಸಿದರು. ಯಾರೂ ನಂಬದಿದ್ದಾಗ, 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಇದ್ದ ದ್ರಾವಣವನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು. ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿಕೊಂಡು, ತನ್ನ ಸುತ್ತಲಿನ ಆಮ್ಲವನ್ನು ಶಮನಗೊಳಿಸುವುದರಿಂದ ಇದು ಬದುಕುತ್ತದೆ. ಸಾಮಾನ್ಯವಾಗಿ ಬಾಲ್ಯದಲ್ಲೇ ಮನೆಯವರಿಂದ ತಗಲುತ್ತದೆ. ಹೆಚ್ಚಿನವರಿಗೆ ಯಾವ ತೊಂದರೆಯೂ ಆಗದಿದ್ದರೂ ಕೆಲವರಿಗೆ ಹುಣ್ಣು, ಇನ್ನೂ ಕೆಲವರಿಗೆ ಜಠರದ ಕ್ಯಾನ್ಸರ್ ಬರುವುದರಿಂದ ಇದನ್ನು 1994ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಕ್ಯಾನ್ಸರ್ ತರುವುದು ಖಚಿತವಾಗಿರುವವುಗಳ ಗುಂಪಿಗೆ, ಸೇರಿಸಲಾಯಿತು.

ಉಸಿರಿನ ಪರೀಕ್ಷೆ, ಮಲ ಪರೀಕ್ಷೆ ಅಥವಾ ಎಂಡೋಸ್ಕೋಪಿಯಿಂದ ಇದನ್ನು ಪತ್ತೆ ಹಚ್ಚುತ್ತಾರೆ. ಆಮ್ಲ ತಗ್ಗಿಸುವ ಮಾತ್ರೆಯನ್ನು ಎರಡು ವಾರ, ಆಂಟಿಬಯಾಟಿಕ್‌ಗಳನ್ನು ನಾಲ್ಕು ವಾರ ಮೊದಲೇ ನಿಲ್ಲಿಸಿರದಿದ್ದರೆ ಸೋಂಕಿದ್ದರೂ ಇಲ್ಲವೆಂದು ವರದಿ ಬರಬಹುದು. ಚಿಕಿತ್ಸೆ ಸಾಮಾನ್ಯವಾಗಿ ಹದಿನಾಲ್ಕು ದಿನ, ಮಾತ್ರೆಗಳು ಹಲವು, ಬಾಯಿ ಕಹಿಯಾಗುತ್ತದೆ. ಆದರೂ ನಡುವೆ ಬಿಡಬಾರದು. ಆ ಮಾತ್ರೆಗಳಲ್ಲಿ ಬಿಸ್ಮತ್ ಎಂಬ ಔಷಧ ಸೇರಿದ್ದರೆ ಮಲ ಕಪ್ಪಾಗುವುದು ನಿರೀಕ್ಷಿತವೇ. ಮುಗಿದ ನಾಲ್ಕು ವಾರಗಳ ಮೇಲೆ ಸೋಂಕು ಹೋಗಿದೆಯೇ ಎಂದು ಮತ್ತೆ ಪರೀಕ್ಷಿಸಬೇಕು. ಇಲ್ಲಿ ಗಂಭೀರವಾಗಿ ಹೇಳಬೇಕಾದ ಇನ್ನೊಂದು ಮಾತಿದೆ: ಎದೆಯಲ್ಲಿ ಒತ್ತಿದಂತಾಗಿ, ಬೆವರು ಬಂದು, ನೋವು ತೋಳಿಗೋ ದವಡೆಗೋ ಹರಡಿದರೆ ಅದನ್ನು ‘ಗ್ಯಾಸ್ಟ್ರಿಕ್’ ಎಂದು ಸೋಡಾ ಕುಡಿದು ಮಲಗಬೇಡಿ, ಮೊದಲು ಇಸಿಜಿ ಮಾಡಿಸಿ.

ಸೋಂಕು ವಾಸಿಯಾದ ಮೇಲೂ ತೊಂದರೆ ಉಳಿಯುತ್ತದೆಯೇ?

ಕೆಲವು ವಾರ ಹಾಲು ಒಗ್ಗದಿರುವುದು, ಉಂಡೊಡನೆ ಶೌಚಕ್ಕೆ ಓಡಬೇಕೆನಿಸುವುದು ಸಾಮಾನ್ಯ. ಅಪರೂಪಕ್ಕೆ ಕ್ಯಾಂಪಿಲೋಬ್ಯಾಕ್ಟರ್ ಸೋಂಕಿನ ನಂತರ ಗಿಲಾನ್-ಬಾರೆ ಎಂಬ ನರಗಳ ಕಾಯಿಲೆ ಬರುತ್ತದೆ. 2025ರ ಜನವರಿಯಲ್ಲಿ ಪುಣೆಯಲ್ಲಿ ಅದು ಅನೇಕರಲ್ಲಿ ಕಾಣಿಸಿಕೊಂಡಾಗ ಕೆಲವು ರೋಗಿಗಳ ಮಲದಲ್ಲಿ ಈ ಬ್ಯಾಕ್ಟೀರಿಯಾ ಸಿಕ್ಕಿತ್ತು. ಭೇದಿ ನಿಂತ ಕೆಲ ದಿನಗಳಲ್ಲಿ ಕಾಲುಗಳು ಜೋಮು ಹಿಡಿದು ಬಲ ಕುಗ್ಗುತ್ತ ಮೇಲೇರಿದರೆ ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಒಂದೇ ಬೀದಿಯ ಹಲವರಿಗೆ ವಾಂತಿಭೇದಿಯಾದರೆ ಏನು ಮಾಡಬೇಕು?

ಮೊದಲ ಅನುಮಾನ ನೀರಿನ ಮೇಲಿರಬೇಕು. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಅನೇಕರು ಅಸ್ವಸ್ಥರಾಗಿ, ಕೆಲವರು ಪ್ರಾಣ ಕಳೆದುಕೊಂಡದ್ದನ್ನು ನಾವು ಮರೆಯಬಾರದು. ಚರಂಡಿಯ ಪಕ್ಕದಲ್ಲೇ ಹಾದುಹೋಗುವ ಪೈಪು ಒಡೆದಿದ್ದರೆ, ನೀರಿನ ಪೂರೈಕೆ ನಿಂತಾಗ ಒಳಗಿನ ಒತ್ತಡ ಇಳಿದು ಕೊಳಚೆ ಒಳಸೇರುತ್ತದೆ. ಅದಕ್ಕೇ ನಲ್ಲಿಯಲ್ಲಿ ಮೊದಲು ಬರುವ ನೀರು ಹೆಚ್ಚು ಅಪಾಯಕಾರಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಪಂಚಾಯಿತಿಗೂ ಅದೇ ದಿನ ತಿಳಿಸಿ, ಆ ನೀರಿನ ಪೂರೈಕೆ ನಿಲ್ಲಿಸುವಂತೆ ಕೇಳಿ. ನೀರುಗಂಟಿ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದರಾಯಿತೆಂದು ಸುಮ್ಮನಾಗುವಂತಿಲ್ಲ. ಕೊನೆಯ ಮನೆಯ ನಲ್ಲಿಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಅಲ್ಲಿಯವರೆಗೆ ನೀರನ್ನು ಕೊತಕೊತನೆ ಒಂದು ನಿಮಿಷವಾದರೂ ಕುದಿಸಿ, ಮುಚ್ಚಿಟ್ಟು, ಕೈ ಅದ್ದದೆ ಉದ್ದ ಹಿಡಿಯ ಸೌಟಿನಿಂದ ತೆಗೆದು ಕುಡಿಯಿರಿ. ಶೌಚದ ನಂತರ, ಮಗುವಿನ ಮಲ ತೊಳೆದ ನಂತರ, ಅಡುಗೆಗೆ ಮುನ್ನ ಸಾಬೂನಿನಿಂದ ಕೈತೊಳೆಯುವುದು ಶಿಗೆಲ್ಲದಂಥ ಸೋಂಕಿಗೆ ವಿಶೇಷವಾಗಿ ಮುಖ್ಯ, ಏಕೆಂದರೆ ಅದು ಹರಡಲು ಹತ್ತಾರು ಬ್ಯಾಕ್ಟೀರಿಯಾಗಳು ಸಾಕು.

ಲಸಿಕೆಗಳಿವೆಯೇ?

ಟೈಫಾಯ್ಡ್‌ಗೆ ಕಾಂಜುಗೇಟ್ ಎಂಬ ಬಗೆಯ ಲಸಿಕೆ ಇದೆ. ಆರು ತಿಂಗಳು ತುಂಬಿದ ಮಗುವಿನಿಂದ ಹಿಡಿದು ಕೊಡಬಹುದು, ಒಂದೇ ಚುಚ್ಚುಮದ್ದು. ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸಿದ ಇಂಥ ಲಸಿಕೆಗೆ ವಿಶ್ವ ಆರೋಗ್ಯ ಸಂಸ್ಥೆಯ ಪೂರ್ವ ಅರ್ಹತೆ, ಅಂದರೆ ಗುಣಮಟ್ಟ ಮತ್ತು ಸುರಕ್ಷತೆ ಪರಿಶೀಲಿಸಿ ಕೊಡುವ ಮಾನ್ಯತೆ, ಸಿಕ್ಕಿದೆ. ಟೈಫಾಯ್ಡ್‌ನಂಥದೇ ಜ್ವರವಾದ ಪ್ಯಾರಾಟೈಫಾಯ್ಡ್ ಅನ್ನು ಅದು ತಡೆಯುವುದಿಲ್ಲ. ಕಾಲರಾಕ್ಕೆ ಬಾಯಿಯ ಮೂಲಕ ಕೊಡುವ ಲಸಿಕೆಗಳಿವೆ, ಮುಖ್ಯವಾಗಿ ಹಾವಳಿಯಿರುವ ಕಡೆ ಬಳಕೆಯಾಗುತ್ತವೆ. ಪೈಲೋರಿಗಾಗಲಿ ಶಿಗೆಲ್ಲಕ್ಕಾಗಲಿ ಬಳಕೆಯಲ್ಲಿರುವ ಲಸಿಕೆ ಇಲ್ಲ.

ಅಡುಗೆ ಕೆಲಸದವರು, ಅಂಗನವಾಡಿಯಲ್ಲಿ ಊಟ ಬಡಿಸುವವರು ಯಾವಾಗ ಕೆಲಸಕ್ಕೆ ಮರಳಬಹುದು?

ವಾಂತಿಭೇದಿ ಪೂರ್ತಿ ನಿಂತು 48 ಗಂಟೆ ಕಳೆದ ಮೇಲೆ. ಆ ದಿನಗಳ ಸಂಬಳ ಕಡಿತವಾಗುತ್ತದೆಂಬ ಭಯದಿಂದ ಕಾಯಿಲೆಯನ್ನು ಮುಚ್ಚಿಟ್ಟು ಬರುವವರು ಇರುವುದರಿಂದ, ಅಡುಗೆಮನೆ ನಡೆಸುವವರು ಈ ರಜೆಗೆ ಸಂಬಳ ಕೊಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಟೈಫಾಯ್ಡ್ ಬಂದವರ ವಿಷಯ ಬೇರೆ: ಪೂರ್ತಿ ಗುಣವಾದಂತೆ ಕಂಡರೂ ಕೆಲವರ ಪಿತ್ತಕೋಶದಲ್ಲಿ ಬ್ಯಾಕ್ಟೀರಿಯಾ ಉಳಿದುಕೊಂಡು, ತಿಂಗಳುಗಟ್ಟಲೆ ಮಲದಲ್ಲಿ ಹೊರಬೀಳುತ್ತಿರುತ್ತದೆ, ಅವರಿಗೆ ಅದರ ಅರಿವೇ ಇರುವುದಿಲ್ಲ. ಪಿತ್ತಕೋಶದಲ್ಲಿ ಕಲ್ಲಿರುವವರಲ್ಲಿ ಇದರ ಸಾಧ್ಯತೆ ಹೆಚ್ಚು. ಹಾಗಾಗಿ ಇಂಥ ಕೆಲಸಗಾರರು ಔಷಧ ಮುಗಿದ ಮೇಲೆ ಕೆಲವು ದಿನಗಳ ಅಂತರದಲ್ಲಿ ಒಂದಕ್ಕಿಂತ ಹೆಚ್ಚು ಸಲ ಮಲದ ಕಲ್ಚರ್ ಪರೀಕ್ಷೆ ಮಾಡಿಸಿ, ಬ್ಯಾಕ್ಟೀರಿಯಾ ಇಲ್ಲವೆಂದು ಖಾತ್ರಿಯಾದ ನಂತರವೇ ಅಡುಗೆಗೆ ಇಳಿಯಬೇಕು. ಉಳಿದಿದೆಯೆಂದು ತಿಳಿದರೆ ಅದಕ್ಕೆ ದೀರ್ಘಾವಧಿಯ ಆಂಟಿಬಯಾಟಿಕ್ ಚಿಕಿತ್ಸೆ ಇದೆ.